ಕ್ಯಾಮೆರಾದ ಪಕ್ಕ ನಿಂತವರು

ದೊಡ್ಡಪ್ಪನ ಆ ನೋಟ್‌ಬುಕ್ಕಿನ ರಟ್ಟು ಹಸಿರು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಹೋದ ವಾರ ಎನ್.ಆರ್. ಕಾಲೋನಿಯ ಮನೆಯಲ್ಲಿ ದೊಡ್ಡಮ್ಮ ಅದನ್ನು ಬೀರುವಿನಿಂದ ತೆಗೆದುಕೊಟ್ಟಾಗ ನೋಡಿದರೆ ಕಂದು. ಹಾಗಾಗಿ ಮುಂದೆ ಹೇಳುವುದರಲ್ಲೂ ಒಂದೆರಡು ವಿವರ ತಪ್ಪಿರಬಹುದು. ನುಸಿಗುಳಿಗೆಯ ವಾಸನೆಯೊಂದು ಮಾತ್ರ ಖಂಡಿತ.

ದೊಡ್ಡಪ್ಪ ಕಪ್ಪುಬಿಳುಪು ಚಿತ್ರಗಳ ನಟ. ನಾಯಕನಲ್ಲ, ನಾಯಕಿಯ ಅಣ್ಣ, ವಕೀಲ, ಅಪರೂಪಕ್ಕೆ ಶಿವ. ಅವರ ಹೆಚ್ಚಿನ ಚಿತ್ರಗಳಿಗೆ ನಾಯಕಿಯಾಗಿದ್ದವರು ಒಬ್ಬರೇ ನಟಿ. ವಯಸ್ಸಿನಲ್ಲಿ ತಮಗಿಂತ ಚಿಕ್ಕವರಾದರೂ ದೊಡ್ಡಪ್ಪ ಅವರನ್ನು ಅಮ್ಮಾವ್ರು ಎಂದೇ ಕರೆಯುತ್ತಿದ್ದರು. ಅಮ್ಮಾವ್ರು ತೀರಿಕೊಂಡಾಗ ಚಾಮರಾಜಪೇಟೆಯ ಅಭಿಮಾನಿಗಳು ಬಂದು, ನೆನಪಿನ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಿ ಎಂದರು. ದೊಡ್ಡಪ್ಪ ವಾರವಿಡೀ ಕೂತು ಆ ನೋಟ್‌ಬುಕ್ಕಿನಲ್ಲಿ ಬರೆದರು. ವಯಸ್ಸಾಗಿತ್ತು, ಅಕ್ಷರಗಳು ಗೆರೆ ಬಿಟ್ಟು ಓಡುತ್ತಿದ್ದವು. ಶುದ್ಧಪ್ರತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ ಎಂ.ಎ. ಓದುತ್ತಿದ್ದೆ, ಯಾರ ಬರಹವನ್ನಾದರೂ ತಿದ್ದಬಲ್ಲೆನೆಂಬ ಜಂಬವಿತ್ತು.

ಒಬ್ಬರ ಮುಖವನ್ನು ಹತ್ತಿರದಿಂದ ಚಿತ್ರೀಕರಿಸುವಾಗ ಎದುರು ಪಾತ್ರದವರು ಅಲ್ಲಿ ಇರಲೇಬೇಕೆಂದಿಲ್ಲವಂತೆ. ಅವರ ಮಾತನ್ನು ಸಹಾಯಕ ನಿರ್ದೇಶಕರು ಓದಿ ಹೇಳುತ್ತಿದ್ದರು. ಹೆಸರು ಮಾಡಿದವರು ಎದ್ದು ನಡೆಯುತ್ತಿದ್ದರು. ಅಮ್ಮಾವ್ರು ಹೋಗುತ್ತಿರಲಿಲ್ಲ. ಕ್ಯಾಮೆರಾದ ಪಕ್ಕ ನಿಂತು, ಯಾರಿಗೂ ಕಾಣದ ಆ ಜಾಗದಲ್ಲಿ, ದೊಡ್ಡಪ್ಪನಿಗಾಗಿ ನಿಜವಾಗಿ ಅಳುತ್ತಿದ್ದರು. ಜನ ನನ್ನ ಮುಖದಲ್ಲಿ ಮೆಚ್ಚಿದ್ದು ಅವರ ಕಣ್ಣೀರನ್ನು ಎಂದು ದೊಡ್ಡಪ್ಪ ಬರೆದಿದ್ದರು. ಇಂಥ ಸಂಗತಿಗಳೇ ಪುಟಗಟ್ಟಲೆ.

ಕೊನೆಯ ಪುಟ ಬೇರೆ. ಇಬ್ಬರೂ ಕೂಡಿ ನಟಿಸಿದ ಕಡೆಯ ಚಿತ್ರದಲ್ಲಿ ಅಮ್ಮಾವ್ರ ಮುಖ ಚಿತ್ರೀಕರಿಸುವ ಸರದಿ ಬಂದಾಗ ದೊಡ್ಡಪ್ಪ ಊಟಕ್ಕೆ ಹೊರಟುಹೋದರು. ಹಸಿವಾಗಿತ್ತು, ಅಷ್ಟೇ. ಆಕೆ ಅಣ್ಣನ ಮುಖದ ಬದಲಿಗೆ ಗೋಡೆಗೆ ಅಂಟಿಸಿದ ಕಾಗದದ ಚೂರನ್ನು ನೋಡಿಕೊಂಡು, ಅಣ್ಣಾ ನನ್ನ ಬಿಟ್ಟು ಹೋಗಬೇಡ ಎಂದು ಅತ್ತರು. ಸಂಜೆ ಎದುರಾದಾಗ ಅವರು ಕೇಳಿದ್ದು ಇಷ್ಟು: "ಊಟ ಆಯ್ತಾ ಸಾರ್?" ಅವತ್ತು ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಇಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ ಎಂದು ದೊಡ್ಡಪ್ಪ ಮುಗಿಸಿದ್ದರು.

ಆ ಪುಟವನ್ನು ನಾನು ನಕಲು ಮಾಡಲಿಲ್ಲ. ಅವರ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡೆ. ಅವರನ್ನೊಮ್ಮೆ ಕೇಳಬೇಕೆಂದೂ ಹೊಳೆಯಲಿಲ್ಲ. ದೊಡ್ಡಮ್ಮನಿಗೆ ಮಾತ್ರ ಹೇಳಿದೆ. "ಒಳ್ಳೇದಾಯ್ತು ಬಿಡೇ, ಊರಿಗೆಲ್ಲ ಯಾಕೆ ಡಂಗುರ" ಅಂದರು. ಅಂದರೆಂದು ನನ್ನ ನೆನಪು. ತಪ್ಪು ಹಂಚಿಕೊಳ್ಳಲು ಈ ಮಾತನ್ನು ನಾನೇ ಕಟ್ಟಿಕೊಂಡೆನೋ ಏನೋ. ಸಂಚಿಕೆ ಅಚ್ಚಾಗಿ ಬಂತು. ಮೂರು ತಿಂಗಳಿಗೆ ದೊಡ್ಡಪ್ಪ ಹೋದರು.

ಹೋದ ವಾರ ಪುಟ ತಿರುವಿದಾಗ ಕಂಡಿದ್ದು, ಹೊಗಳಿಕೆಯ ಪುಟಗಳಲ್ಲಿ ಒಂದೂ ಕಾಟು ಇಲ್ಲ. ಈ ಕೊನೆಯ ಪುಟದಲ್ಲಿ ಒಂದೊಂದು ಸಾಲನ್ನೂ ಎರಡು ಸಲ, ಮೂರು ಸಲ ಹೊಡೆದು ಬರೆದಿದ್ದಾರೆ. ಅವರು ಬರೆಯಲು ಕೂತಿದ್ದೇ ಇದಕ್ಕೆ.

ದೊಡ್ಡಮ್ಮ ಅವರೆಕಾಳು ಹಿತುಕುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ: "ದೊಡ್ಡಮ್ಮ, ಅಚ್ಚಾಗಿದ್ರಲ್ಲಿ ಆ ಪುಟ ಇಲ್ಲ ಅಂತ ದೊಡ್ಡಪ್ಪನಿಗೆ ಗೊತ್ತಾಯ್ತಾ?"

ದೊಡ್ಡಮ್ಮ ಇನ್ನೊಂದು ಹಿಡಿ ಕಾಳು ತಮ್ಮ ಮುಂದೆ ಸುರಿದುಕೊಂಡರು. ಆಮೇಲೆ ಮತ್ತೆ ಹಿತುಕತೊಡಗಿದರು. ಗೊತ್ತಾಗಿತ್ತೋ ಇಲ್ಲವೋ ನನಗಿನ್ನೂ ತಿಳಿದಿಲ್ಲ, ನಿನ್ನೆ ಹೋಗಿದ್ದಾಗಲೂ ಅದನ್ನೇ ಕೇಳಿದೆ.