ಗುಡ್ಡದಲ್ಲಿ ಉಳಿದ ಒಂದೇ ನೇರಳೆ

ಇಲ್ಲಿರುವುದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಬೇಕಾದರೆ ಆಣೆ ಇಡಿಸಿಕೊಳ್ಳಿ. ಲಂಟಾನದ ಪೊದೆ ಒಂದು ಬಸ್ಸನ್ನೇ ನುಂಗಿದ ಸಂಗತಿಗೆ ಮಾತ್ರ ಅದನ್ನು ಹೇಳಿದ ನಿವೃತ್ತ ಬಸ್ ಡ್ರೈವರೇ ಜವಾಬ್ದಾರರು.

ಬೆಳಕು ಹರಿಯುತ್ತಿದೆ. ಬಸ್ ಡಿಪೋದ ಹಿಂದಿನ ಗುಡ್ಡದಲ್ಲಿ ಡ್ರೈವರ್‌ನ ಅಕ್ಕ ಮಂಡಿಯೂರಿ ಲಂಟಾನದ ಬುಡ ಬಿಡಿಸುತ್ತಿದ್ದಾರೆ. ವೃತ್ತಿಯಲ್ಲಿ ದರ್ಜಿ. ಮೈಮೇಲೆ ತೀರಿಕೊಂಡ ಗಂಡನ ಪ್ಯಾಂಟು, ಕೈಗೆ ತಾವೇ ಹೊಲಿದುಕೊಂಡ ದಪ್ಪ ಗವಸು. ಬುಡದ ಗಂಟಿನ ಕೆಳಗೆ ಒಂದೇ ಏಟು. ಕಿತ್ತ ಪೊದೆಯನ್ನು ತಲೆಕೆಳಗೆ ನಿಲ್ಲಿಸುತ್ತಾರೆ.

"ಮೇಲೆ ಮೇಲೆ ಕತ್ತರಿಸಿದ್ರೆ ಕ್ಷೌರ ಮಾಡ್ಸಿದಂಗೆ, ಇನ್ನೂ ದಟ್ಟವಾಗಿ ಬರುತ್ತೆ. ನೆಲಕ್ಕೆ ಮಲಗಿಸಿದ್ರೆ ಅಲ್ಲೇ ಬೇರು ಬಿಡುತ್ತೆ. ನಾಚಿಕೆ ಇಲ್ಲ ಮುಂಡೇದಕ್ಕೆ."

"ಬಸ್ಸನ್ನೇ ನುಂಗಿದೆ ಸಾರ್," ಎಂದು ನನ್ನತ್ತ ತಿರುಗುತ್ತಾರೆ ಡ್ರೈವರ್ ತಮ್ಮ. "ಒಳಗೆ ವೈಪರ್ ಇನ್ನೂ ಆಡ್ತಾ ಇತ್ತು."

"ಬಾಯಿ ಮುಚ್ಕೊಂಡು ಕೀಳೋ."

ಅಂಗಡಿ ತೆರೆಯುವವರೆಗಿನ ಹೊತ್ತೆಲ್ಲ ಗುಡ್ಡಕ್ಕೆ ಮೀಸಲು. ಕೂಲಿ ಇಲ್ಲ, ಕರೆದವರೂ ಇಲ್ಲ. ಗಂಡ ಹೋದ ಹೊಸದರಲ್ಲಿ ಮನೆಯೊಳಗೆ ಕೂರಲಾಗದೆ ಬಂದು ಒಂದು ಪೊದೆ ಕಿತ್ತರಂತೆ. "ಕೈಗೆ ಮುಳ್ಳು ಚುಚ್ತು. ಅಳೋಕೆ ಒಂದು ನೆಪ ಸಿಕ್ತು." ದಿನಕ್ಕೆ ಎಷ್ಟು ಜಾಗ ತೆರವಾಗುತ್ತದೆ? "ಒಂದು ಡಬಲ್ ಬೆಡ್‌ಶೀಟಿನಷ್ಟು."

ತೆರವಾದಲ್ಲೆಲ್ಲ ಈ ಗುಡ್ಡದವೇ ಆದ ಗಿಡಗಳನ್ನು ನೆಡುತ್ತಾರೆ. ಇಲ್ಲಿ ಉಳಿದಿದ್ದ ಒಂದೇ ಮುದಿ ನೇರಳೆಯ ಬೀಜದಿಂದ ಸಸಿ ಎಬ್ಬಿಸಿ, ಸಾಲಾಗಿ ನೆಟ್ಟು, ಯಾರೂ ಕೀಳದಿರಲೆಂದು ಕೆಂಪು ಬಟ್ಟೆಯ ಚೂರು ಕಟ್ಟಿದ್ದರು. ಆಮೇಲೆ ಬಿರುಗಾಳಿಗೆ ಮುದಿ ಮರ ಉರುಳಿತು. ಅದರ ಬೆನ್ನಿಗೇ ತಮ್ಮ ನಿವೃತ್ತರಾಗಿ ನೆರವಿಗೆ ಬಂದರು. ಜೀವಮಾನವೆಲ್ಲ ಕೆಂಪು ಕಂಡರೆ ಅಪಾಯವೆಂದು ಬ್ರೇಕ್ ಒತ್ತಿದವರು. ಅಕ್ಕ ನೀರು ತರುವಷ್ಟರಲ್ಲಿ, ಕೀಳಬೇಕಾದ್ದು ಇದನ್ನೇ ಎಂದುಕೊಂಡು ಕೆಂಪು ಕಟ್ಟಿದ್ದ ಸಾಲನ್ನು ಬೇರುಸಹಿತ ಕಿತ್ತು, ಅಚ್ಚುಕಟ್ಟಾಗಿ ತಲೆಕೆಳಗೆ ನಿಲ್ಲಿಸಿದ್ದರು. ನಡುವೆ ಟೀ ಕುಡಿಯಲು ಕೂತದ್ದರಿಂದ ಒಂದು ಸಸಿ ಉಳಿಯಿತು.

ಆ ಒಂದು ಸಸಿ ಈ ಬೇಸಿಗೆ ದಾಟಬೇಕು. ದಾಟದಿದ್ದರೆ ಈ ಗುಡ್ಡಕ್ಕೆ ನೇರಳೆ ಅಲ್ಲಿಗೆ ಮುಗಿಯಿತು.

ಅಕ್ಕ ಬೈಯಲಿಲ್ಲ. ಸಸಿಯ ಹತ್ತಿರ ತಮ್ಮನನ್ನು ಬಿಡಲೂ ಇಲ್ಲ. "ಬೈದಿದ್ರೆ ಎರಡು ದಿನಕ್ಕೆ ಮುಗೀತಿತ್ತು ಸಾರ್," ಎನ್ನುವಾಗ ಡ್ರೈವರ್‌ನ ದನಿ ಇಳಿಯುತ್ತದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಅಕ್ಕ ಬೆರಳು ಮಾಡಿ ತೋರಿಸಿದ ಪೊದೆಯನ್ನಷ್ಟೇ ಕೀಳುತ್ತಾರೆ. ಬಿಂದಿಗೆ ನೀರು ಹೊತ್ತು ತಂದು, ಸಸಿಯಿಂದ ದೂರದಲ್ಲೇ ಇಟ್ಟು, ಕೈಕಟ್ಟಿ ನಿಲ್ಲುತ್ತಾರೆ.

ಇವತ್ತು ಸಸಿಯ ಕೆಳಗಿನ ಎಲೆಗಳು ಬಾಡಿವೆ. ತುದಿಯಲ್ಲಿ ಮಾತ್ರ ತಾಮ್ರದ ಬಣ್ಣದ ಚಿಗುರು. ಅಕ್ಕ ಬಗ್ಗಿ ತುಂಬಾ ಹೊತ್ತು ನೋಡುತ್ತಾರೆ. ಏನಾದರೂ ಆಸೆಯಿದೆಯೇ ಎಂದರೆ, "ಇದು ಹಣ್ಣು ಬಿಡೋ ಹೊತ್ತಿಗೆ ನನ್ನ ಮಂಡಿ ಇರಲ್ಲ. ನೀರು ಹಾಕೋರು ಇನ್ನೊಬ್ರು ಇರ್ಬೇಕಷ್ಟೆ," ಎಂದು ಬಿಂದಿಗೆ ಎತ್ತಿಕೊಳ್ಳುತ್ತಾರೆ. ಒಂದು ಗಳಿಗೆ ನಿಂತು, ಅದನ್ನು ತಮ್ಮನ ಕೈಗೆ ಕೊಡುತ್ತಾರೆ.

"ಅಕ್ಕಾ, ನೋಡ್ತಾ ಇರು, ಹಗಲೂ ರಾತ್ರಿ ಇದರ ಪಕ್ಕದಲ್ಲೇ ಹಾಸಿಗೆ ಹಾಕ್ಕೊಂಡು, ಬಿಸಿಲಿಗೆ ಛತ್ರಿ ಹಿಡ್ಕೊಂಡು, ಒಂದು ಇರುವೆ ಬಂದ್ರೂ..."

ಅಕ್ಕ ಆಗಲೇ ಅಂಗಡಿಯ ದಾರಿ ಹಿಡಿದಿದ್ದಾರೆ.