ತೊಮೊಎ ತಲೆ ಬಾಗದ ದಿನ

ಜಪಾನಿನ ಹೊಕ್ಕೈದೊ ಕಡಲತೀರದ ಸಣ್ಣ ಊರೊಂದರಲ್ಲಿ ಕಡಲಪಾಚಿ ಒಣಗಿಸಿ ಪೊಟ್ಟಣ ಕಟ್ಟುವ ತೊಮೊಎ ಹಿರಾನುಮಾ ಯಾವ ಕೆಲಸವನ್ನೂ ಕೊನೆ ಮುಟ್ಟಿಸಿದವಳಲ್ಲ. ಹೈಸ್ಕೂಲು ಅರ್ಧಕ್ಕೇ ನಿಂತಿತು, ಬೇಕರಿ ಕೆಲಸವೂ ಅಷ್ಟೇ, ಮದುವೆಯ ಮಾತುಕತೆಯೂ ಅಷ್ಟೇ. ಎಲ್ಲಕ್ಕೂ ಅಡ್ಡಬಂದವನು ಅವಳ ಕಿವಿಯೊಳಗೆ ಬೈಯುವ ಮುದುಕ, ಬೇರೆ ಯಾರಿಗೂ ಕೇಳಿಸದ ದನಿ. ಅವಳು ಪೊಟ್ಟಣ ಕಟ್ಟುವುದು ಸ್ಕಿಜೋಫ್ರೇನಿಯಾ ಇರುವವರೇ ಸೇರಿ ನಡೆಸುವ ಶೆಡ್ಡಿನಲ್ಲಿ; ಅಲ್ಲಿ ಇಂಥ ದನಿಗಳಿಗೂ ಮರ್ಯಾದೆಯುಂಟು. 'ಇವತ್ತು ಕೆಲಸ ಇದೆ, ದಯವಿಟ್ಟು ಮನೆಗೆ ಹೋಗಿ' ಎಂದು ಅವನ್ನು ಬೇಡಿಕೊಳ್ಳುವುದು ಅಲ್ಲಿನ ರೂಢಿ.

ನಗರದ ಆಸ್ಪತ್ರೆಯ ನಗಾಯಾ ಡಾಕ್ಟರು ಒಂದು ಅಧ್ಯಯನಕ್ಕೆ ಜನ ಬೇಕೆಂದಾಗ ತೊಮೊಎ ಮೊದಲು ಕೈ ಎತ್ತಿದಳು. ಇದೊಂದನ್ನಾದರೂ ಪೂರ್ತಿ ಮಾಡಬೇಕೆಂಬ ಹಟ. ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದರೆ ಹೆಡ್‌ಫೋನಿನಲ್ಲಿ ಒಂದೇ ಬಗೆಯ ಸದ್ದು ಬರುತ್ತಿರುತ್ತದೆ, ನಡುನಡುವೆ ಬೇರೆಯದೊಂದು. ಆ ಬೇರೆ ಸದ್ದಿಗೆ ಮಿದುಳು ಹೇಗೆ ಸ್ಪಂದಿಸುತ್ತದೆಂದು ನೋಡುತ್ತಾರೆ. ಅವಳು ತಲೆ ಅಲುಗಿಸದಿದ್ದರೆ ಸಾಕು.

ಅದೇ ಆಗಲಿಲ್ಲ. ಒಳಗೆ ಮುದುಕ ಬೈದಾಗಲೆಲ್ಲ ತಲೆ ತಾನಾಗಿ ಬಾಗಿ ಎರಡು ಸಲವೂ ಚಿತ್ರ ಕಲಸಿಹೋಯಿತು. ಇನ್ನೊಂದೇ ಅವಕಾಶ ಎಂದರು ಡಾಕ್ಟರು.

ಶೆಡ್ಡಿನ ಶಿಗೆಕಿ ಹಿಂದೆ ಮೀನು ಹರಾಜು ಕೂಗುತ್ತಿದ್ದವನು, ಬಾಯಿ ಜೋರು. ಅಭ್ಯಾಸಕ್ಕೆಂದು ಅವಳನ್ನು ಮೇಜಿನ ಮೇಲೆ ಮಲಗಿಸಿ ತಾನೇ ಮುದುಕನಾಗಿ ಗದರಿದ. ತೊಮೊಎಯ ತಲೆ ತಟ್ಟನೆ ಬಾಗಿತು. ಇಡೀ ಶೆಡ್ಡು ನಕ್ಕಿತು. ಫೋನಿನಲ್ಲಿ ಮಾತಾಡುವಾಗಲೂ ಗೋಡೆಗೆ ತಲೆ ಬಾಗುವ ಜನ ಅವರು. ಹಿರಿಯರೊಬ್ಬರು ಬೈದರೆ ಬಾಗದೆ ಇರುವುದುಂಟೆ?

"ಬಾಗ್ಬೇಡ ಅಂದ್ರೆ ನಿನ್ ಕೈಲಾಗಲ್ಲ," ಎಂದ ಶಿಗೆಕಿ. "ತಲೆ ಬಿಟ್ಟು ಕಾಲಿನ ಹೆಬ್ಬೆರಳು ಬಗ್ಗಿಸು."

"ಹಿರಿಯರಿಗೆ ಕಾಲಲ್ಲಿ ನಮಸ್ಕಾರನಾ? ಮೊದ್ಲೇ ಸಿಡುಕು ಮನುಷ್ಯ ಅವ್ರು."

"ಹೊರಗೆ ಬಂದ್ಮೇಲೆ ಸರಿಯಾಗಿ ಬಾಗ್ತೀನಿ, ಸದ್ಯಕ್ಕೆ ಇಷ್ಟು ಅಂತ ಅವ್ರಿಗೆ ಮಾತು ಕೊಡು."

ಅಂದಿನಿಂದ ಪೊಟ್ಟಣ ಕಟ್ಟುವಾಗಲೆಲ್ಲ ರಬ್ಬರ್ ಬೂಟಿನೊಳಗೆ ಅವಳ ಹೆಬ್ಬೆರಳಿಗೆ ಇದೇ ಅಭ್ಯಾಸ.

ಕೊನೆಯ ಸಲ ಸದ್ದು ಶುರುವಾದದ್ದೇ ತಡ, ಮುದುಕ ಮೈಮೇಲೆ ಬಿದ್ದಂತೆ ಬಂದ. "ಅರ್ಧಕ್ಕೇ ಬಿಟ್ಟು ಓಡೋಳು ನೀನು. ಏಳು, ಹೋಗು." ಕತ್ತು ಎಳೆಯಿತು. ತೊಮೊಎ ಬೆರಳು ಬಗ್ಗಿಸಿದಳು. ಅವನು ಮತ್ತೆ ಬೈದ, ಬೆರಳು ಮತ್ತೆ ಬಾಗಿತು. ಕಣ್ಣಂಚಿನ ನೀರು ಕೆನ್ನೆಗಿಳಿದರೂ ಒರೆಸಿಕೊಳ್ಳಲಿಲ್ಲ. ಯಂತ್ರ ನಿಲ್ಲುವವರೆಗೂ ತಲೆ ಇಟ್ಟಲ್ಲೇ ಇತ್ತು.

"ಚಿತ್ರ ಚೊಕ್ಕವಾಗಿ ಬಂದಿದೆ, ಹಿರಾನುಮಾ-ಸಾನ್," ಎಂದರು ಡಾಕ್ಟರು. "ಪೂರ್ತಿ ಮುಗಿಸಿದ್ರಿ."

ಅವಳ ಹೆಸರಿನ ಜೊತೆ ಆ ಮಾತನ್ನು ಯಾರೂ ಆಡಿದ್ದಿಲ್ಲ. ಖುಷಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಆದರೂ ಕೊಟ್ಟ ಮಾತು ಮರೆಯದೆ ಹೊರಗಿನ ಕಾರಿಡಾರಿನಲ್ಲಿ ಬರಿಗೋಡೆಯ ಮುಂದೆ ನಿಂತು ಸೊಂಟದಿಂದ ಬಾಗಿದಳು.

"ಕಾಯಿಸಿದ್ದಕ್ಕೆ ಕ್ಷಮಿಸಿ," ಎಂದಳು ಮುದುಕನಿಗೆ. "ಮುಗಿಸ್ದೆ. ಇನ್ನು ಮನೆಗೆ ಹೋಗೋಣ."

ಬೆಂಚಿನ ಮೇಲೆ ಕಾದು ಕೂತಿದ್ದ ಶಿಗೆಕಿ ಎದ್ದು ಬಂದು ಟೋಪಿ ತೆಗೆದ. ಅವಳ ಪಕ್ಕ ನಿಂತು ಅದೇ ಗೋಡೆಗೆ ತಾನೂ ಬಾಗಿದ.