ಕವರಿನ ಹಗ್ಗ

ನಮ್ಮ ಅತ್ತೆಯ, ಅಂದರೆ ನಿಮ್ಮ ಅಜ್ಜನ ತಾಯಿಯ, ಬಲಗೈ ಮಣಿಕಟ್ಟಿನ ಸುತ್ತ ಕಪ್ಪು ಬಳೆ ತೊಟ್ಟಂತೆ ಒಂದು ಕಲೆ ಇತ್ತು. ವಿಧವೆಯಾದ ಅವರಿಗೆ ಬಳೆ ಇರಲಿಲ್ಲ; ಅದು ಹಗ್ಗ ಉಜ್ಜಿ ಆದದ್ದು.

ಆಗ ನಾವು ಗಾಣಗಾಪುರದಲ್ಲಿದ್ದೆವು. ನಿಮ್ಮ ಅಜ್ಜ ಗುಡಿಗೆ ಬರುವ ಮಂದಿಗಾಗಿ ಬಾಡಿಗೆ ಕಾರು ಓಡಿಸುತ್ತಿದ್ದರು. ಕಾರಿಗೆ ಹೊದಿಸುವ ದಪ್ಪ ಬಟ್ಟೆಯ ಕವರು ತೊಳೆಯುವುದು ಅತ್ತೆಯ ಕೆಲಸ. ಮೊದಲು ಗೋಡೆಗೆ ಹಾಕಿ ಕೋಲಿನಿಂದ ಬಡಿಯುವರು, ಹಕ್ಕಿ ಹಿಕ್ಕೆ ನೆನೆಸಿ ತೆಗೆಯುವರು, ಆಮೇಲೆ ಭೀಮಾ ನದಿ. "ಉಸುಕು ಉಳೀತಂದ್ರ ಗಾಡಿ ಮೈ ಕೆರೀತದ ಬೇ," ಎನ್ನುವರು. ನೀರಿಗಿಳಿಯುವ ಮುಂಚೆ, ಕವರನ್ನು ಕಾರಿಗೆ ಬಿಗಿಯಲು ಅದಕ್ಕೇ ಹೊಲಿದಿದ್ದ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿಕೊಳ್ಳುವರು. "ನನ್ನ ಕೈಯಾಗಿಂದ ಏನೂ ಹೋಗಂಗಿಲ್ಲ."

ನಾನು ಅವರ ಮುಂದೆ "ಹೂಂ ರಿ" ಬಿಟ್ಟು ಬೇರೆ ಮಾತಾಡಿದವಳಲ್ಲ. "ಗೋಡಿ ಜೋಡಿ ಮಾತಾಡಿದ್ರ ಅದಾದ್ರೂ ಉತ್ತರ ಕೊಡ್ತದ," ಎಂದು ಕಾಡುವರು.

ಒಂದು ದಿನ ಅವರು ಹೊಳೆಯಲ್ಲಿ ಕವರು ತೊಳೆಯುತ್ತಿದ್ದರು; ನಾನು ತುಂಬಿದ ಬಸುರಿ, ದಂಡೆಯಲ್ಲಿ ಕೂತಿದ್ದೆ. ನಮ್ಮಲ್ಲಿ ಬಿಸಿಲು, ಮೇಲೆಲ್ಲೋ ಮಳೆಯಾಗಿತ್ತು. ನೀರು ಕೆಂಪಾಯಿತು. ಅತ್ತೆಯ ಮೊಣಕಾಲಿಗಿದ್ದದ್ದು ನೋಡನೋಡುತ್ತ ಸೊಂಟಕ್ಕೆ ಬಂತು. ಕವರು ನೀರು ತುಂಬಿಕೊಂಡು, ಬೆದರಿದ ಎಮ್ಮೆಯಂತೆ ಅವರನ್ನು ಎಳೆಯತೊಡಗಿತು. ಎಡಗೈಯಲ್ಲಿ ಬಂಡೆ ಅಪ್ಪಿ ಹಿಡಿದರು.

ನಾನು ನೀರಿಗೆ ಕಾಲಿಟ್ಟೆ.

"ಬರಬ್ಯಾಡ! ಹೊಟ್ಟ್ಯಾಗ ಕೂಸದ!"

"ಹಂಗಾದ್ರ ಗಂಟು ಬಿಚ್ಚ್ರಿ!"

"ಕವರು ಹೋಗ್ತದ ಬೇ!"

"ಹೋಗ್ಲಿ! ನೀವ್ ಬಿಚ್ಚಲಿಲ್ಲಂದ್ರ ನಾ ಬರ್ತೇನಿ!"

ಇನ್ನೊಂದು ಹೆಜ್ಜೆ ಇಟ್ಟೆ. ಕಾಲಡಿಯ ಉಸುಕು ಜಾರಿತು.

ಅತ್ತೆ ನನ್ನ ಹೊಟ್ಟೆ ನೋಡಿದರು. ತಲೆ ಬಗ್ಗಿಸಿ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದರು. ಬಿಚ್ಚಲಿಲ್ಲ. ಮತ್ತೆ ಕಚ್ಚಿದರು. ಹಗ್ಗ ಸರಕ್ಕನೆ ಜಾರಿತು. ಕವರು ಒಮ್ಮೆ ಉಬ್ಬಿ ಮುಳುಗಿ ಹೋಯಿತು. ಬಂಡೆಯಿಂದ ಬಂಡೆ ಹಿಡಿದು ಅವರು ದಂಡೆಗೆ ಬಂದರು.

ಮನೆಯಲ್ಲಿ ನಿಮ್ಮ ಅಜ್ಜ, "ಕವರೆಲ್ಲಿ?" ಎಂದರು.

"ಹೊಳಿಗಿ ಬಿಟ್ಟೆ. ನಿನ್ನ ಹೆಂಡ್ತಿ ಬೈದ್ಲು," ಎಂದರು ಅತ್ತೆ. "ಆಕಿಗಿ ಬಾಯದ ಅಂತ ಇವತ್ತ ಗೊತ್ತಾತು."

ಆಮೇಲೆ ಹಳೆಯ ಸೀರೆಗಳನ್ನು ಕೂಡಿಸಿ ಕಾರಿಗೊಂದು ಕೌದಿ ಹೊಲಿದರು. "ಗಾಡಿಗಿ ಥಂಡಿ ಆಗ್ತದೇನ್ರಿ?" ಎಂದು ಓಣಿಯವರು ನಗುವರು. ಅದನ್ನು ತೊಳೆಯುವಾಗ ಹಗ್ಗ ಸುತ್ತಿಕೊಳ್ಳುತ್ತಿರಲಿಲ್ಲ. ಕೌದಿಯ ಒಂದು ತುದಿ ನನ್ನ ಕೈಗೆ ಕೊಡುವರು. "ಹಿಡಿ. ನೀ ಬಿಡಂದ್ರ ಬಿಡ್ತೇನಿ."

ಅವರು ತೀರಿಕೊಂಡ ದಿನ ಮೈ ತೊಳೆಯುವಾಗ ಆ ಕಲೆ ಹಾಗೇ ಇತ್ತು. ನಾನು ಉಜ್ಜಲಿಲ್ಲ, ಮೆಲ್ಲಗೆ ನೀರಷ್ಟೇ ಸುರಿದೆ. ಕೊಡ ಕೊಡ ನೀರು ಹೊತ್ತು ತಂದು ಬಾಗಿಲಲ್ಲಿ ಇಡುತ್ತಿದ್ದವನು ನಿಮ್ಮ ಅಪ್ಪ, ಹೊಳೆ ಏರಿದ ದಿನ ನನ್ನ ಹೊಟ್ಟೆಯಲ್ಲಿದ್ದ ಕೂಸು.